ಸೈಕಲ್ ಹೋದರೆ ಹೋಗಲಿ

ಹುಬ್ಬಳ್ಳಿ

ಚಿ. ಸುಹಾಸನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಕೆಲಸ, ಕೋಣೆ, ಊಟದ ಸಂಗತಿಯೆಲ್ಲ ಓದಿ ಸಮಾಧಾನವಾಯಿತು. ಆದರೆ ‘ಸೈಕಲ್ ಕಳುವಾದರೆ ಅಪ್ಪನಿಗೆ ಮುಖ ತೋರಿಸಲಾರೆ, ರಾತ್ರಿ ಎದ್ದೆದ್ದು ನೋಡುತ್ತೇನೆ’ ಎಂದು ಬರೆದಿದ್ದೀಯಲ್ಲ, ಆ ಸಾಲು ನನ್ನನ್ನು ಬಿಡುತ್ತಿಲ್ಲ.

ದುರ್ಗದಬೈಲಿನಲ್ಲಿ ನನ್ನ ಸೈಕಲ್ ಹೋದ ಕಥೆಯನ್ನು ನೀವೆಲ್ಲ ಕೇಳಿದ್ದೀರಿ, ಮತ್ತೆ ಹೇಳುವುದಿಲ್ಲ. ಆಮೇಲಿನದನ್ನು ಯಾರಿಗೂ ಹೇಳಿಲ್ಲ. ನಿನ್ನ ಅಜ್ಜ ಒಂದೇ ಒಂದು ಬಿರುಸು ಮಾತು ಆಡಲಿಲ್ಲ. ಆದರೂ ಅವರು ಉಂಡು ಎದ್ದ ಮೇಲೆಯೇ ನಾನು ಊಟಕ್ಕೆ ಕೂರುತ್ತಿದ್ದೆ. ಅವರು ಅಂಗಳದಲ್ಲಿದ್ದರೆ ಹಿತ್ತಲಿನಿಂದ ಹೊರಬೀಳುತ್ತಿದ್ದೆ. ಮಳೆಗಾಲವಿಡೀ ಹಾಗೆಯೇ ಕಳೆಯಿತು. ಈಗ ಆ ಸೈಕಲ್ ನೆನಪಾದರೆ ಏನೂ ಅನ್ನಿಸುವುದಿಲ್ಲ. ಅವರೊಂದಿಗೆ ಆಡದೆ ಉಳಿದ ಮಾತು ನೆನಪಾದರೆ ಮಾತ್ರ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಬೀಗದ ವಿಷಯ ಕೇಳಿದ್ದೀಯ. ಬೆಂಗಳೂರಿನ ಈಗಿನ ರೀತಿ ನನಗೆಷ್ಟು ತಿಳಿದೀತು? ನಮ್ಮ ಕಾಲದಲ್ಲಿ ಹಿಂದಿನ ಚಕ್ರಕ್ಕೆ ಕೂಡಿಸಿದ ರಿಂಗ್ ಬೀಗ ಒಂದೇ. ಗಾಲಿ ತಿರುಗದಂತೆ ಹಿಡಿಯುತ್ತಿತ್ತು, ಎತ್ತಿಕೊಂಡು ಹೋಗುವವನನ್ನು ತಡೆಯುತ್ತಿರಲಿಲ್ಲ. ಸುಮಾರು 20 ಕಿಲೋ ತೂಗುವ ಸೈಕಲ್ಲನ್ನೇ ಹೊತ್ತೊಯ್ದರು; ನಿನ್ನದು ಇನ್ನೂ ಹಗುರ. ಕಂಬಿಗೆ ಸೇರಿಸಿಯೇ ಬೀಗ ಹಾಕು. ನೀನು ಬಳಸುವ ನಂಬರಿನ ಕೇಬಲ್ ನೋಡಲು ದಪ್ಪ, ಆದರೆ ಮೇಲಿನದೆಲ್ಲ ಪ್ಲಾಸ್ಟಿಕ್. ಒಳಗಿನ ತಂತಿಯನ್ನು ಕಟರ್ ಕ್ಷಣದಲ್ಲಿ ತುಂಡರಿಸುತ್ತದೆ. ಗಟ್ಟಿ ಉಕ್ಕಿನ ಯು-ಲಾಕ್, ಅಂದರೆ ಇಂಗ್ಲಿಷಿನ U ಆಕಾರದ ಬೀಗ, ಕೊಳ್ಳು. ಫ್ರೇಮು, ಹಿಂದಿನ ಚಕ್ರ, ನೆಲದಲ್ಲಿ ಹೂತ ಕಂಬಿ ಮೂರೂ ಅದರೊಳಗೆ ಬರಲಿ. ಒಳಗೆ ಜಾಗ ಕಡಿಮೆ ಉಳಿದಷ್ಟೂ ಸಲಾಕೆ ತೂರಿಸಿ ಮೀಟುವುದು ಕಷ್ಟ. ಹಳೆಯ ಕೇಬಲ್ ಮುಂದಿನ ಚಕ್ರಕ್ಕಿರಲಿ. ಲಿವರ್ ತಿರುಗಿಸಿ ಬಿಚ್ಚುವಂಥ ಚಕ್ರವಾದರೆ ಕಳ್ಳನಿಗೆ ಪಾನಾ ಕೂಡ ಬೇಡ.

ಇಷ್ಟೆಲ್ಲ ಮಾಡಿದರೂ ಕಬ್ಬಿಣ ಕತ್ತರಿಸುವ ಗ್ರೈಂಡರ್ ಹಿಡಿದು ಬಂದವನ ಮುಂದೆ ಯಾವ ಬೀಗವೂ ಬಹಳ ಹೊತ್ತು ನಿಲ್ಲುವುದಿಲ್ಲ. ಇದನ್ನು ಕೇಳಿ ಇನ್ನಷ್ಟು ಹೆದರಬೇಡಪ್ಪ. ಅಪ್ಪನ ಎದುರು ನಿಲ್ಲುವ ಧೈರ್ಯವನ್ನು ಒಂದು ಬೀಗಕ್ಕೆ ಒಪ್ಪಿಸಿಬಿಡಬೇಡ ಎಂದಷ್ಟೇ ನನ್ನ ಕಳಕಳಿ. ನನ್ನ ತಮ್ಮನನ್ನು ನಾನು ಬಲ್ಲೆ. ಬಸ್ಸಿನ ನೂಕುನುಗ್ಗಲಿನಲ್ಲಿ ನೀನು ದಣಿಯಬಾರದೆಂದು ಕೊಡಿಸಿದ ಸೈಕಲ್ ಅದು. ಅದರಿಂದಲೇ ನೀನು ನಿದ್ದೆಗೆಡುತ್ತಿದ್ದೀ ಎಂದು ತಿಳಿದರೆ ಅವನ ಜೀವಕ್ಕೆ ಹೇಗಾದೀತು?

ಪೆಡಲ್‌ಗಳು ಕೂಡುವ ಜಾಗದ ಅಡಿಯಲ್ಲಿ ಸಾಮಾನ್ಯವಾಗಿ ಫ್ರೇಮ್ ನಂಬರ್ ಇರುತ್ತದೆ. ಅದನ್ನು ಬರೆದು ರಸೀದಿಯ ಜೊತೆ ಇಟ್ಟುಕೋ, ಪೊಲೀಸರಿಗೆ ದೂರು ಕೊಡುವಾಗ ಬೇಕಾಗುತ್ತದೆ. ಬೀಗ ಬಿಗಿಯಾದರೆ ಕೊಬ್ಬರಿ ಎಣ್ಣೆ ಬಿಡಬೇಡ, ಧೂಳು ಹಿಡಿದು ಕೂರುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಸಾಕು. ಹಳೆಯ ಕಾಲದವನ ಬುದ್ಧಿವಾದ, ಬೇಕಾದಷ್ಟು ತೆಗೆದುಕೋ.

ಬೀಗಕ್ಕೆ ಹಣ ಕಳಿಸುತ್ತೇನೆ, ಬೇಡವೆನ್ನಬೇಡ. ಈ ಭಾನುವಾರ ಅಪ್ಪನಿಗೆ ಫೋನ್ ಮಾಡಿದಾಗ ‘ಸೈಕಲ್ ಹೋದರೆ ಏನನ್ನುತ್ತೀರಿ’ ಎಂದು ನೇರವಾಗಿ ಕೇಳಿಬಿಡು. ಏನಂದ ಎಂದು ನನಗೆ ಬರೆ.

ನಿನ್ನ
ದೊಡ್ಡಪ್ಪ