ಆದಿತ್ಯವಾರದ ಡ್ರೈವ್‌ಗೆ ಮೊದಲು ವೋಲ್ಟೇಜ್ ನೋಡಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಆದಿತ್ಯವಾರ ಬೆಳಿಗ್ಗೆ 6.30ಕ್ಕೆ ಕದ್ರಿ ಪಾರ್ಕ್ ಹತ್ತಿರ ಸೇರಿ ಕಾಪು ಲೈಟ್‌ಹೌಸಿಗೆ ಹೊರಡುವುದು ಗೊತ್ತಲ್ವಾ. ಹಳೇ ಗಾಡಿಯ ಪಾಯಿಂಟ್ (ಸ್ಪಾರ್ಕ್‌ಗಾಗಿ ತೆರೆದು ಮುಚ್ಚುವ ಸ್ವಿಚ್) ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಹಾಕಿಸಿದವರು ಮಾತ್ರ ಇದನ್ನು ಓದಿದರೆ ಸಾಕು.

ಕಳೆದ ಸಲ ನನ್ನ ಗಾಡಿ ಮೂಲ್ಕಿ ಹತ್ತಿರ ಕೆಮ್ಮಿ ಕೆಮ್ಮಿ ನಿಂತಿತು, ನೆನಪುಂಟಾ? ಹೊಸ ಕಿಟ್ಟೇ ಹಾಳು ಅಂತ ಸುಮ್ನೆ ಬೈದೆ. ಮನೆಗೆ ಬಂದು ಮೀಟರ್ ಇಟ್ಟರೆ ಕಿಟ್‌ನ ಕೆಂಪು ವೈರಿನಲ್ಲಿ ಬರೀ 7.8 ವೋಲ್ಟ್! ವೈರನ್ನು ಕಾಯಿಲ್‌ನ (ಸ್ಪಾರ್ಕ್‌ಗೆ ವೋಲ್ಟೇಜ್ ಏರಿಸುವ ಭಾಗ) ಪ್ಲಸ್‌ಗೆ ಕೊಟ್ಟಿದ್ದರು. ಅದರ ಹಿಂದೆ ಬ್ಯಾಲಸ್ಟ್ ರೆಸಿಸ್ಟರ್ ಕೂತಿತ್ತು. ಕಾಯಿಲ್‌ಗೆ ಕಡಿಮೆ ವೋಲ್ಟೇಜ್ ಕೊಡುವುದೇ ಅದರ ಕೆಲಸ. ಆದರೆ ಕಿಟ್‌ಗೆ ಪೂರ್ತಿ 12 ಬೇಕು ಮಾರಾಯ್ರೆ.

ಶನಿವಾರದ ಒಳಗೆ ಇಷ್ಟು ಮಾಡಿ. ಎಂಜಿನ್ ಓಡುವಾಗ ಕೆಂಪು ವೈರಿನ ವೋಲ್ಟೇಜ್ ನೋಡಿ, ಬ್ಯಾಟರಿಯಲ್ಲೂ ನೋಡಿ. ಎರಡೂ ಹತ್ತಿರ ಹತ್ತಿರ ಇರಬೇಕು. ತುಂಬಾ ಕಡಿಮೆ ಇದ್ದರೆ ರೆಸಿಸ್ಟರ್‌ಗೆ ಮೊದಲೇ, ಕೀ ಸ್ವಿಚ್ ಕಡೆಯಿಂದ ಕಿಟ್‌ಗೆ ಲೈನ್ ಕೊಡಿ. ರೆಸಿಸ್ಟರ್ ಕಾಣದಿದ್ದರೆ ಇಲ್ಲ ಅಂತಲ್ಲ, ಕೆಲವು ಗಾಡಿಗಳಲ್ಲಿ ರೆಸಿಸ್ಟೆನ್ಸ್ ವೈರ್ ವೈರಿಂಗ್ ಒಳಗೇ ಇರುತ್ತದೆ.

ಅವಸರದಲ್ಲಿ ರೆಸಿಸ್ಟರನ್ನೇ ಕಿತ್ತು ಬಿಸಾಡಬೇಡಿ. ಕಾಯಿಲ್ 1.5 ಓಮ್‌ನದ್ದಾದರೆ ಸುಟ್ಟೀತು. 3 ಓಮ್ ಆದರೆ ಸಾಮಾನ್ಯವಾಗಿ ತೊಂದರೆ ಇಲ್ಲ, ಆದರೂ ಕಿಟ್‌ನ ಚೀಟಿ ಒಮ್ಮೆ ಓದಿ.

ಅರ್ಥ್ ವೈರ್ ಬಾಡಿಗೆ ಸೇರುವ ಜಾಗವನ್ನೂ ಉಜ್ಜಿ. ನಮ್ಮ ಕಡಲ ಗಾಳಿಗೆ ಬೋಲ್ಟ್ ಅಡಿಯಲ್ಲಿ ತುಕ್ಕು ಜಾಸ್ತಿ.

ನೋಡಿದವರು ರೀಡಿಂಗ್ ಇಲ್ಲೇ ಹಾಕಿ. ಮೀಟರ್ ಇಲ್ಲದವರು ಶುಕ್ರವಾರದೊಳಗೆ ಹೇಳಿ, ನನ್ನದು ತರುತ್ತೇನೆ.