ಭಾನುವಾರದ ಮಾತುಕತೆ: ಒಂದು ಬೆಳ್ಳಿ ಬಟ್ಟಲು

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 6ಕ್ಕೆ ಸೆಕೊಟಾನ್ ಜನರ ಬಗ್ಗೆ ಮಾತಾಡೋಣ. ಅಮೆರಿಕದ ಈಗಿನ ನಾರ್ತ್ ಕ್ಯಾರೊಲಿನಾ ಕರಾವಳಿಯಲ್ಲಿದ್ದ, ಅಲ್ಗಾಂಕ್ವಿಯನ್ ನುಡಿಯಾಡುವ ಮೂಲನಿವಾಸಿಗಳ ನಾಡು ಅವರದು, ಆಗಿನ ಒಡೆಯ ವಿಂಜಿನಾ.

1585ರ ಜುಲೈನಲ್ಲಿ, ಅಲ್ಲಿ ನೆಲೆಯೂರಲು ಬಂದಿದ್ದ ಇಂಗ್ಲಿಷರ ಒಂದು ಬೆಳ್ಳಿ ಬಟ್ಟಲು ಕಾಣೆಯಾಯ್ತು. ಕದ್ದವರು ಅಕ್ವಾಸ್ಕೊಗಾಕ್ ಎಂಬ ಊರಿನವರು, ಬಟ್ಟಲು ವಾಪಸ್ ಬರಲಿಲ್ಲ ಅಂತ ಆ ಊರನ್ನೂ ಅಲ್ಲಿನ ಮುಸುಕಿನ ಜೋಳವನ್ನೂ ಸುಟ್ಟರು. ಆಮೇಲೆ ಹೊಟ್ಟೆಪಾಡಿಗೆ ಆ ನಾಡಿನವರನ್ನೇ ನೆಚ್ಚಿಕೊಂಡರು, ನೋಡಿ! ವಿಂಜಿನಾ ತನ್ನ ಹೆಸರನ್ನೇ ಪೆಮಿಸಪಾನ್ ಎಂದು ಬದಲಿಸಿಕೊಂಡ. 1586ರ ಜೂನ್ 1ರಂದು ಇಂಗ್ಲಿಷರ ಮುಖ್ಯಸ್ಥ ರಾಲ್ಫ್ ಲೇನ್‌ನ ಕಡೆಯವರು ಅವನ ತಲೆ ಕಡಿದರು.

ಆ ಇಂಗ್ಲಿಷರ ಜೊತೆ ಬಂದಿದ್ದ ಚಿತ್ರಕಾರ ಜಾನ್ ವೈಟ್ ಬರೆದ ಸೆಕೊಟಾನ್ ಊರಿನ ಜಲವರ್ಣ ಚಿತ್ರ ನೋಡಿಕೊಂಡು ಬನ್ನಿ. ಅದರಲ್ಲಿ ಮುಸುಕಿನ ಜೋಳದ ಹೊಲ ಮೂರಿವೆ: ಮೊಳೆತದ್ದು, ಹಸಿರಾದದ್ದು, ಮಾಗಿದ್ದು. ಬರುವವರು ಇಲ್ಲೇ ತಿಳಿಸಿ.