ಎರಡು ಟನ್ ಹೊರುತ್ತೆ ಎಂದು ಹಾಕಿದ ಬ್ಲೇಡ್ ಸೆಟ್ ಬಗ್ಗೆ ದೂರು

ಇವರಿಂದ: ಒಬ್ಬ ಟೊಮೆಟೊ ಬೆಳೆಗಾರ, ಮುಳಬಾಗಿಲು ತಾಲ್ಲೂಕು
ಇವರಿಗೆ: ಗ್ಯಾರೇಜ್ ಮಾಲೀಕರು, ಕೋಲಾರ

ವಿಷಯ: ನನ್ನ 2012ರ ಪಿಕಪ್‌ಗೆ ಹಾಕಿದ ‘ಲೋಡ್ ಕಿಟ್’, ಅದರಿಂದಾದ ನಷ್ಟ

ಮಾನ್ಯರೇ,

ಜೂನ್ ಎರಡನೇ ವಾರ ನನ್ನ ಗಾಡಿಯನ್ನು ನಿಮ್ಮಲ್ಲಿಗೆ ತಂದಿದ್ದೆ. ನಾನು ಕೇಳಿದ್ದು ಇಷ್ಟೇ: ಹಿಂದಿನ ಬ್ಲೇಡ್‌ಗಳು, ಅಂದರೆ ಭಾರ ಹೊರುವ ಸ್ಪ್ರಿಂಗ್ ಪಟ್ಟಿಗಳು, ಕೂತುಬಿಟ್ಟಿವೆ, ಲೋಡ್ ಹಾಕಿದರೆ ಬಾಡಿ ಟೈರಿಗೆ ತಾಗುತ್ತೆ, ಸರಿ ಮಾಡಿಕೊಡಿ. ನಿಮ್ಮ ಮೇಸ್ತ್ರಿ ಗಾಡಿ ಸುತ್ತ ಒಂದು ಸುತ್ತು ಹಾಕಿ, ‘ಅಷ್ಟಕ್ಕೇ ಯಾಕೆ ನಿಲ್ಲಿಸ್ತೀರಾ ಅಣ್ಣ, ಕಿಟ್ ಹಾಕಿಸಿ, ಎರಡು ಟನ್ ಆರಾಮಾಗಿ ಹೊರುತ್ತೆ’ ಅಂದರು. ನೀವೂ ಪಕ್ಕದಲ್ಲೇ ಇದ್ದಿರಿ, ಹೌದು ಅಂದಿರಿ. ಬಿಲ್‌ನಲ್ಲೂ ‘ಲೋಡ್ ಕಿಟ್, 2 ಟನ್’ ಅಂತಲೇ ಬರೆದಿದೆ. ಕಿಟ್‌ಗೆ 18,500, ಕೂಲಿ 2,500, ಒಟ್ಟು 21,000 ರೂಪಾಯಿ ಕೊಟ್ಟಿದ್ದೇನೆ.

ನನ್ನ ಆರ್‌ಸಿಯಲ್ಲಿ ಒಟ್ಟು ತೂಕ 2,800 ಕೆಜಿ, ಖಾಲಿ ಗಾಡಿ 1,600. ಉಳಿಯೋದು 1,200. ಬಾಕ್ಸಿಗೆ 15 ಕೆಜಿ ಟೊಮೆಟೊ, ಮೇಲೆ ಕ್ರೇಟಿನ ತೂಕ. ಅಂದರೆ 70 ಬಾಕ್ಸಿಗೆ ಲೆಕ್ಕ ಮುಗೀತು. ಇದು ನನಗೆ ಗೊತ್ತಿರಲಿಲ್ಲ ಅಂತ ಸುಳ್ಳು ಹೇಳೋದಿಲ್ಲ. ಸೀಸನ್‌ನಲ್ಲಿ ಎರಡು ಟ್ರಿಪ್ ಮಾಡೋದು ಒಂದರಲ್ಲೇ ಮುಗಿದರೆ ಡೀಸೆಲ್ ಉಳಿಯುತ್ತೆ ಅನ್ನೋ ಆಸೆ ನನಗೂ ಇತ್ತು. ಆದರೆ ನಾನು ರೈತ, ಗಾಡಿ ಕೆಲಸ ಗೊತ್ತಿರೋರು ನೀವು. ಬ್ಲೇಡ್ ದಪ್ಪ ಮಾಡಿದರೆ ಬಾಡಿ ಕೂರಲ್ಲ, ಅಷ್ಟೇ. ಆಕ್ಸಲ್, ಬೇರಿಂಗ್, ಟೈರ್, ಬ್ರೇಕ್ ಎಲ್ಲಾ ಹಳೇವೇ ತಾನೆ? ಈ ಒಂದು ಮಾತು ನೀವು ಹೇಳಬೇಕಿತ್ತು. 2019ರ ತಿದ್ದುಪಡಿ ಆದಮೇಲೆ ಕಾಯ್ದೆಯಲ್ಲಿ ಓವರ್‌ಲೋಡ್‌ಗೆ 20,000 ರೂಪಾಯಿ ದಂಡ, ಜಾಸ್ತಿಯಾದ ಪ್ರತಿ ಟನ್‌ಗೆ ಇನ್ನೂ 2,000. ಆರ್‌ಟಿಒ ಹಿಡಿದರೆ ನಿಮ್ಮ ಬಿಲ್ ತೋರಿಸೋಕಾಗುತ್ತಾ?

ಮೊದಲ ವಾರ ಖುಷಿಯಾಗಿದ್ದೆ. 110 ಬಾಕ್ಸ್ ಹಾಕಿದರೂ ಹಿಂಭಾಗ ಬಗ್ಗಲಿಲ್ಲ. ಆದರೆ ಬ್ರೇಕ್ ಯಾಕೋ ಬೇರೆ ಥರ ಅನ್ನಿಸುತ್ತಿತ್ತು. ಒಂದು ಬೆಳಗಿನ ಜಾವ ಹಂಪ್ ಹತ್ತಿರ ಹಸು ಅಡ್ಡ ಬಂತು. ಪೆಡಲ್ ಪೂರ್ತಿ ಒತ್ತಿದೆ. ಮೂತಿ ನೆಲಕ್ಕೆ ಬಗ್ಗಿತು, ಗಾಡಿ ಮಾತ್ರ ಹೋಗುತ್ತಲೇ ಇತ್ತು. ಹಸುವೇ ಪಕ್ಕಕ್ಕೆ ಸರಿದು ನನ್ನನ್ನು ಉಳಿಸಿತು. ಇಳಿದು ನೋಡಿದರೆ ಮುಂದಿನ ಚಕ್ರಗಳಿಂದ ಸುಟ್ಟ ವಾಸನೆ.

ಮುಳಬಾಗಿಲಿನಲ್ಲಿ ತೋರಿಸಿದಾಗ ಕಾರಣ ಗೊತ್ತಾಯಿತು. ಗಾಡಿ ಕೆಳಗೆ ಎಲ್‌ಎಸ್‌ಪಿವಿ ಅಂತ ಒಂದು ವಾಲ್ವ್ ಇದೆ, ನಿಮಗೆ ಗೊತ್ತಿರಲೇಬೇಕು. ಅದರ ಕಡ್ಡಿ ಹಿಂದಿನ ಆಕ್ಸಲ್‌ಗೆ ಸೇರಿದೆ. ಲೋಡ್ ಬಿದ್ದು ಬಾಡಿ ಕೆಳಗಿಳಿದರೆ ಕಡ್ಡಿ ಸರಿಯುತ್ತೆ, ಆಗ ಹಿಂದಿನ ಚಕ್ರಕ್ಕೆ ಬ್ರೇಕ್ ಜಾಸ್ತಿ ಹೋಗುತ್ತೆ. ನೀವು ಬಾಡಿ ಇಳಿಯದ ಹಾಗೆ ಮಾಡಿದಿರಿ, ಕಡ್ಡಿಯನ್ನು ಮುಟ್ಟಲೇ ಇಲ್ಲ. ಹಿಂದೆ 110 ಬಾಕ್ಸ್ ಇದ್ದರೂ ವಾಲ್ವ್ ಗಾಡಿ ಖಾಲಿ ಅಂದುಕೊಂಡಿತ್ತು. ಅಂದರೆ ಲೋಡ್ ಜಾಸ್ತಿ, ಬ್ರೇಕ್ ಕಮ್ಮಿ. ದುಡ್ಡು ಕೊಟ್ಟು ಮಾಡಿಸಿಕೊಂಡದ್ದು ಇದನ್ನೇ.

ಇನ್ನೊಂದು, ಬ್ಲೇಡ್ ಕಟ್ಟನ್ನು ಆಕ್ಸಲ್‌ಗೆ ಬಿಗಿದು ಹಿಡಿಯುವ ಯು-ಬೋಲ್ಟ್ ವಿಚಾರ. ಕೆಳಗಿನ ಒಂದು ಬ್ಲೇಡ್ ತೆಗೆದು, ಆ ಜಾಗಕ್ಕೆ ದಪ್ಪನೆಯ ಮೂರು ಹಾಕಿದ್ದೀರಿ. ಕಟ್ಟು ದಪ್ಪ ಆಯಿತು, ಬೋಲ್ಟ್ ಮಾತ್ರ ಹಳೇದೇ. ನಟ್ ಆಚೆ ಒಂದು ಎಳೆ ಥ್ರೆಡ್ ಕೂಡ ಕಾಣಲ್ಲ. ಎಡಗಡೆಯ ಒಂದು ನಟ್ ಒಳಗೇ ಅರ್ಧಕ್ಕೆ ಬೋಲ್ಟ್ ಮುಗಿದಿದೆ. ಫೋಟೋ ಲಗತ್ತಿಸಿದ್ದೇನೆ, ನೀವೇ ನೋಡಿ. ಸ್ವಲ್ಪ ದಿನ ಓಡಿಸಿ ವಾಪಸ್ ತನ್ನಿ, ಮತ್ತೆ ಟೈಟ್ ಮಾಡ್ತೀವಿ ಅಂತಲೂ ಯಾರೂ ಹೇಳಲಿಲ್ಲ. ಇಪ್ಪತ್ತೆರಡನೇ ದಿನ ಬೋಲ್ಟ್ ಸಡಿಲವಾಗಿ, ಬ್ಲೇಡ್‌ಗಳ ನಡುವೆ ತೂರಿರುವ ಸೆಂಟರ್ ಬೋಲ್ಟ್ ಕಟ್ಟಾಗಿ, ಎಡಗಡೆ ಆಕ್ಸಲ್ ಹಿಂದಕ್ಕೆ ಸರಿಯಿತು. ಗಾಡಿ ಏಡಿ ಥರ ಅಡ್ಡಡ್ಡ ಹೋಗತೊಡಗಿತು. ಮಾಲನ್ನು ಪಕ್ಕದ ಮನೆಯವರ ಟ್ರ್ಯಾಕ್ಟರ್‌ಗೆ ಹಾಕಿ ಕೋಲಾರ ಎಪಿಎಂಸಿ ಸೇರಿಸುವಷ್ಟರಲ್ಲಿ ಒಳ್ಳೆ ರೇಟಿನ ಹರಾಜು ಮುಗಿದಿತ್ತು. ಆ ನಷ್ಟದ ಲೆಕ್ಕ ನಿಮ್ಮ ಹತ್ತಿರ ಕೇಳುತ್ತಿಲ್ಲ. ಗಾಡಿ ಎಳೆಸಿದ್ದು, ತಾತ್ಕಾಲಿಕ ರಿಪೇರಿ ಸೇರಿ 6,800 ಖರ್ಚಾಗಿದೆ, ಅದರ ರಸೀದಿ ಇದೆ.

ಫೋನ್ ಮಾಡಿದಾಗ ನೀವು ‘ಓವರ್‌ಲೋಡ್ ಹಾಕಿದ್ದು ನಿಮ್ಮ ತಪ್ಪು’ ಅಂದಿರಿ. ನಾನು ಹಾಕಿದ್ದು ಎರಡು ಟನ್ನಿಗಿಂತ ಕಮ್ಮಿ. ನಿಮ್ಮ ಬಿಲ್‌ನಲ್ಲಿ ಬರೆದ ಮಾತನ್ನು ನೀವೇ ನಂಬಲ್ಲ ಅಂದಮೇಲೆ ನಾನು ಏನು ಹೇಳಲಿ?

ಪೂರ್ತಿ 21,000 ರೂಪಾಯಿ, ಜೊತೆಗೆ 6,800, ಈ ಪತ್ರ ತಲುಪಿದ 15 ದಿನದೊಳಗೆ ವಾಪಸ್ ಕೊಡಿ. ಇಲ್ಲವಾದರೆ ಕೋಲಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದವರೆಗಿನ ದೂರಿಗೆ ಅಲ್ಲಿ ಫೀಸೂ ಇಲ್ಲ. ಬಿಲ್, ಫೋಟೋ, ಮುಳಬಾಗಿಲು ಮೆಕ್ಯಾನಿಕ್ ಬರೆದುಕೊಟ್ಟ ಚೀಟಿ ಎಲ್ಲಾ ಜೋಪಾನವಾಗಿವೆ. ನಿಮ್ಮ ಬಾಗಿಲಲ್ಲಿರುವ ‘ಹಳೇ ಪಿಕಪ್‌ಗೆ 2 ಟನ್ ಗ್ಯಾರಂಟಿ’ ಬೋರ್ಡ್ ಕೂಡ ತೆಗೆಯಿರಿ. ನಾಳೆ ಇನ್ಯಾರೋ ಅದನ್ನು ನೋಡಿ ಗಾಡಿ ಒಳಗೆ ತರುತ್ತಾರೆ.

ರಿಪೇರಿ ನಿಮ್ಮಲ್ಲಿ ಮಾಡಿಸೋದಿಲ್ಲ, ಬೇರೆ ಕಡೆ ಮೊದಲಿನ ಹಾಗೆ ಮಾಡಿಸಿಕೊಳ್ಳುತ್ತೇನೆ. ಎರಡೂ ಕಡೆಯಿಂದ ಬಿಚ್ಚಿದ ನನ್ನ ಹಳೇ ಬ್ಲೇಡ್‌ಗಳು ನಿಮ್ಮ ಕಂಪ್ರೆಸರ್ ಹಿಂದಿನ ಗೋಡೆಗೆ ಒರಗಿಸಿದ್ದವು. ಅವನ್ನು ಗುಜರಿಗೆ ಹಾಕಬೇಡಿ. ಸೋಮವಾರ ನನ್ನ ಮಗ ಬಂದು ತೆಗೆದುಕೊಂಡು ಹೋಗುತ್ತಾನೆ.

ಇಂತಿ,
ನಿಮ್ಮ ಗ್ರಾಹಕ